ಹಾಳಾಗಿಯೇ ಇರಬೇಕಾದ ದಾರಿ

ಹೊನ್ನವಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಜ್ಞಾನೇಶನ ಕೆಲಸದ ಬಗ್ಗೆ ಯಾರಿಗೂ ಎರಡು ಮಾತಿಲ್ಲ. ಸುಟ್ಟುಹೋದ ಪಂಪ್‌ಸೆಟ್ಟನ್ನು ಅವನ ಕೈಗೆ ಕೊಟ್ಟರೆ ಮತ್ತೆ ನೀರೆತ್ತುವಂತೆ ಮಾಡಿಯೇ ಕೊಡುತ್ತಾನೆ. ಆದರೆ ಅವನು ಸೈಕಲ್ ಹತ್ತಿದ ಕೂಡಲೇ ಅದೇ ಜನ ಮುಖಮುಖ ನೋಡಿಕೊಳ್ಳುತ್ತಾರೆ. ನಲವತ್ತರ ಹತ್ತಿರದ ಗಂಡಸು ಮನೆಯಲ್ಲಿ ಬೈಕ್ ಇಟ್ಟುಕೊಂಡು, ದಪ್ಪ ಟೈರಿನ ಸೈಕಲ್ಲಿನಲ್ಲಿ ಕಲ್ಲು ಕೊರಕಲು ಹುಡುಕಿಕೊಂಡು ಹೋಗುವುದು ಏಕೆಂದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ಹುಚ್ಚು ಹತ್ತಿಸಿದ್ದು ಫ್ರಾನ್ಸಿನಿಂದ ಬಂದಿದ್ದ ಗಂಡಹೆಂಡತಿ. ಸೈಕಲ್ಲಿನಲ್ಲೇ ದೇಶ ನೋಡಿಕೊಂಡು ಹೊರಟಿದ್ದವರ ಹಿಂದಿನ ಚಕ್ರ ಊರ ಹತ್ತಿರ ಕೈಕೊಟ್ಟಿತ್ತು. ಯಾರೋ ಅವರನ್ನು ಜ್ಞಾನೇಶನ ಅಂಗಡಿಗೆ ಕಳಿಸಿದರು. ಬೇಕಾದ ಸಾಮಾನು ಬೆಂಗಳೂರಿನಿಂದ ಬರುವವರೆಗೂ ಇಬ್ಬರೂ ಅವನ ತೋಟದ ಮನೆಯಲ್ಲೇ ಉಳಿದರು. ಅವನ ತಾಯಿ ಸುವರ್ಣಮ್ಮ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು ಉಪಚರಿಸಿದರು. ಸಂಜೆ ಹೊತ್ತು ಲೂಕ್ ಎಂಬ ಆ ಮನುಷ್ಯ ತನ್ನೂರಿನ ವಿಡಿಯೊ ತೋರಿಸಿದ. ನರಪಿಳ್ಳೆ ಇಲ್ಲದ ಹಳ್ಳಿ, ಬಾಗಿಲು ಹಾಕಿದ ಚರ್ಚು, ಹುಲ್ಲು ಮೇಯುವ ಬಿಳಿ ದನ. ಅವುಗಳ ಪಕ್ಕದಲ್ಲಿ ಎರಡು ದಿಬ್ಬಗಳ ನಡುವೆ ನುಸುಳಿ ಕಾಡಿಗೆ ಇಳಿಯುವ ಒಂದು ಕಿರುದಾರಿ. ದಾರಿಯ ತುಂಬ ಬೇರು, ಕಲ್ಲು, ಕೆಸರು. ಸೈಕಲ್ ಅದರ ಮೇಲೆ ಮೀನಿನಂತೆ ಹೊರಳಿ ಹೊರಳಿ ಹೋಗುತ್ತಿತ್ತು.

ಜ್ಞಾನೇಶ ಬೆರಗಾಗಿದ್ದು ಆ ದಾರಿ ನಮ್ಮೂರ ಓಣಿಯಂತೆಯೇ ಇದೆಯಲ್ಲ ಎಂದು. ಅಲ್ಲಿ ಯಾವುದೋ ಮರ, ಇಲ್ಲಿ ತೆಂಗು ಮತ್ತು ಕತ್ತಾಳೆ ಬೇಲಿ, ಅಷ್ಟೇ ವ್ಯತ್ಯಾಸ. ಅಲ್ಲಿಯವರು ಆ ದಾರಿಯನ್ನು ಬೇಕೆಂದೇ ಹಾಗೆ ಇಟ್ಟುಕೊಂಡಿದ್ದಾರೆ, ಮಳೆಗೆ ಕಲ್ಲು ಕೊಚ್ಚಿಹೋದರೆ ಸಂಘದವರು ಬಂದು ಮತ್ತೆ ಕೂರಿಸುತ್ತಾರೆ ಎಂದು ಲೂಕ್ ಹೇಳಿದ. ಈ ಮಾತನ್ನು ಜ್ಞಾನೇಶ ಮಾರನೆಯ ದಿನ ಅರಳಿಕಟ್ಟೆಯಲ್ಲಿ ಹೇಳಿದಾಗ ಪಕ್ಕದ ತೋಟದ ಕೆಂಪಯ್ಯ ಬೀಡಿ ಬಾಯಿಂದ ತೆಗೆದು, "ರಸ್ತೆ ಹಾಳು ಮಾಡಾಕೂ ಸಂಘ ಮಾಡ್ಕಂಡವ್ರೇನ್ಲಾ?" ಎಂದ. ಕಟ್ಟೆ ಪೂರ್ತಿ ನಕ್ಕಿತು.

ಲೂಕ್ ದಂಪತಿ ಹೋದ ಮೇಲೆ ಜ್ಞಾನೇಶ ಪಿಕಾಸಿ, ಹಾರೆ ಹಿಡಿದು ಶುರು ಮಾಡಿದ. ತೋಟಗಳು ಮುಗಿಯುವಲ್ಲಿ ಹಳೆಯ ಓಣಿಯೊಂದಿತ್ತು. ಅದು ಕೆಂಪಯ್ಯನ ಹೊಲದ ಬದುವಿನ ಪಕ್ಕದಲ್ಲಿ ಸಾಗಿ, ಮರಡಿಗುಡ್ಡವನ್ನು ಬಳಸಿ, ಹಳ್ಳಕ್ಕೆ ಇಳಿದು, ಕೆರೆ ಏರಿಯ ಮೇಲೆ ಊರಿಗೆ ವಾಪಸ್ ಬರುತ್ತಿತ್ತು. ಲಂಟಾನ ಪೊದೆ ಕಡಿದ. ಇಳಿಜಾರಿನಲ್ಲಿ ಬಂಡೆಗಳನ್ನು ಉರುಳಿಸಿ ಮೆಟ್ಟಿಲಿನಂತೆ ಕೂರಿಸಿದ. ಹಳ್ಳದ ದಡದಲ್ಲಿ ದಾರಿಗೆ ಅಡ್ಡ ಚಾಚಿದ ಹುಣಸೆ ಬೇರಂತೂ ಅವನ ಕಣ್ಣಿಗೆ ಇಡೀ ದಾರಿಯ ಒಡವೆ. ಅದರ ಮೇಲಿನಿಂದ ಬೀಳದೆ ಇಳಿಯುವುದನ್ನು ಕಲಿಯಲು ಅವನಿಗೆ ಒಂದು ಬೇಸಿಗೆ ಹಿಡಿದಿತ್ತು, ಮೊಣಕೈಯ ಚರ್ಮವೂ ಹೋಗಿತ್ತು.

ತೊಂದರೆ ಎಂದರೆ ಊರ ಜನಕ್ಕೆ ಹಾಳು ದಾರಿಯನ್ನು ನೋಡಿಕೊಂಡು ಸುಮ್ಮನಿರಲು ಬರುವುದಿಲ್ಲ. ಅವನು ಭಾನುವಾರ ಬಿಟ್ಟಿದ್ದ ಗುಂಡಿ ಮುಂದಿನ ಭಾನುವಾರದ ಹೊತ್ತಿಗೆ ತುಂಬಿರುತ್ತಿತ್ತು. ಕಾಯಿ ಸುಲಿದ ಮಟ್ಟೆಯನ್ನು ಕವುಚಿ ಹಾಕಿ, ಮೇಲೆ ಮಣ್ಣು ಎಳೆದು, ಕಾಲಲ್ಲಿ ತುಳಿದಿರುತ್ತಿದ್ದರು. ಯಾರು ಎಂದು ಕೇಳಬೇಕಾಗಿರಲಿಲ್ಲ. ಜ್ಞಾನೇಶ ಹೋಗಿ ವಿವರಿಸುತ್ತಿದ್ದ, ಕೆಂಪಯ್ಯ ತಲೆಯಾಡಿಸುತ್ತಿದ್ದ. ಜ್ಞಾನೇಶ ಮಟ್ಟೆ ಕಿತ್ತು ಬದಿಗೆ ಹಾಕುತ್ತಿದ್ದ, ಕೆಂಪಯ್ಯ ಅದನ್ನು ನೋಡಿ ಪಾಪ, ಮಳೆಗೆ ಕಿತ್ತು ಬಂದಿದೆ ಎಂದುಕೊಂಡು ಮತ್ತೆ ತುಂಬುತ್ತಿದ್ದ. ಸಿಟ್ಟು ಮಾಡಿಕೊಳ್ಳೋಣವೆಂದರೆ ಎದುರಿಗಿರುವವನು ಉಪಕಾರ ಮಾಡುತ್ತಿದ್ದಾನೆ.

ಇಷ್ಟರ ಮಧ್ಯೆ ಲೂಕ್‌ಗೆ ತನ್ನ ದಾರಿಯ ವಿಡಿಯೊ ಕಳಿಸಿದಾಗ ಅವನು ಬರೆದ ಉತ್ತರ ಜ್ಞಾನೇಶನ ಮನಸ್ಸಿನಲ್ಲಿ ಕೂತುಬಿಟ್ಟಿತು. ದಾರಿ ಚೆನ್ನಾಗಿದೆ, ಆದರೆ ಒಬ್ಬನೇ ತುಳಿಯುವ ದಾರಿ ಉಳಿಯುವುದಿಲ್ಲ, ಸವಾರರು ಬರುತ್ತಿರಬೇಕು ಎಂದಿದ್ದ. ಅದು ನಿಜವೆಂದು ಜ್ಞಾನೇಶನಿಗೆ ಗೊತ್ತಿತ್ತು. ಅಂಗಡಿಯಲ್ಲಿ ಕೆಲಸ ಹೆಚ್ಚಾಗಿ ಎರಡು ವಾರ ತಪ್ಪಿಸಿದರೆ ಸಾಕು, ಲಂಟಾನ ಬಂದು ಕೈಕೈ ಹಿಡಿದುಕೊಳ್ಳುತ್ತಿತ್ತು.

ಹಾಗಾಗಿ ತುಮಕೂರಿನ ಒಂದು ಸೈಕಲ್ ಕ್ಲಬ್ಬಿನ ಬೆನ್ನು ಬಿದ್ದ. ಅದನ್ನು ನಡೆಸುವ ಸೂರ್ಯಪ್ರಕಾಶ್ ಎನ್ನುವವರು ಮೊದಲು ಹೂಂ ಎನ್ನಲಿಲ್ಲ, ಕೊನೆಗೆ ಒಂದು ಭಾನುವಾರ ತಂಡ ಕರೆದುಕೊಂಡು ಬರುತ್ತೇನೆಂದರು. ದಾರಿ ಹಿಡಿಸಿದರೆ ತಿಂಗಳಿಗೊಮ್ಮೆ ಅಭ್ಯಾಸ ಅಲ್ಲೇ. ಜ್ಞಾನೇಶ ಆ ಫೋನ್ ಇಟ್ಟ ಮೇಲೆ ಅಂಗಡಿಯಲ್ಲಿ ಒಬ್ಬನೇ ನಿಂತು ನಕ್ಕ. ಆಮೇಲೆ ಮನೆಗೆ ಹೋಗಿ ತಾಯಿಗೆ, ಒಂದಷ್ಟು ಜನ ಬರುತ್ತಾರೆ, ತಿಂಡಿ ಮಾಡಬೇಕು ಎಂದ. ಅವನು ಮಾಡಿದ ತಪ್ಪು ಅದೊಂದೇ.

ಆ ಊರಲ್ಲಿ ಒಂದು ಪದ್ಧತಿ ಇದೆ. ಯಾರ ಮನೆಗೆ ಬೀಗರು ಬರುವುದಿದ್ದರೂ ಹಿಂದಿನ ದಿನ ಓಣಿಯವರೆಲ್ಲ ಸೇರಿ ದಾರಿ ರಿಪೇರಿ ಮಾಡುತ್ತಾರೆ. ಬಂದವರ ಸೊಂಟ ಕುಲುಕಬಾರದು, ಊರಿನ ಮಾನ ಹೋಗಬಾರದು ಎನ್ನುವುದು ಲೆಕ್ಕ. ಯಾರೂ ಯಾರನ್ನೂ ಕರೆಯುವುದಿಲ್ಲ, ಕರೆಸಿಕೊಂಡು ಬರುವ ಕೆಲಸವಲ್ಲ ಅದು. ಸುವರ್ಣಮ್ಮ ಅವರೆಕಾಳು ಕೇಳಲು ಕೆಂಪಯ್ಯನ ಮನೆಗೆ ಹೋದರು. ಅಷ್ಟು ಸಾಕಾಯಿತು.

ಆ ವಾರ ಕರೆಂಟು ಏರಿಳಿದು ಸಾಲಾಗಿ ಮೋಟಾರು ಸುಟ್ಟಿದ್ದವು. ಜ್ಞಾನೇಶ ದಾರಿಯ ಕಡೆ ಹೋಗಲು ಆಗಿದ್ದು ಶನಿವಾರ ಮಧ್ಯಾಹ್ನವೇ. ಓಣಿಯ ಬಾಯಿಗೆ ಬರುತ್ತಿದ್ದಂತೆ ಅವನಿಗೆ ಟ್ರ್ಯಾಕ್ಟರ್ ಟೈರಿನ ಗುರುತು ಕಾಣಿಸಿತು.

ಬ್ಲೇಡ್ ಹಾಕಿ ಎಳೆದಿದ್ದರು. ಗುಂಡಿಗಳಿಗೆಲ್ಲ ಮಟ್ಟೆ ತುಂಬಿ ಮೇಲೆ ಕೆಂಪು ಗ್ರಾವೆಲ್ ಹೊಡೆದಿದ್ದರು. ಅವನು ಒಂದೊಂದನ್ನೂ ನೋಡಿ ಕೂರಿಸಿದ್ದ ಬಂಡೆಗಳು ಬದುವಿನ ಮೇಲೆ ಸಾಲಾಗಿ ಕೂತಿದ್ದವು. ದಾರಿ ನೀರು ಚಿಮುಕಿಸಿದ ಅಂಗಳದಂತೆ ಮರಡಿಯನ್ನು ಬಳಸಿ ಹಳ್ಳದವರೆಗೂ ಹೋಗಿತ್ತು. ಹಳ್ಳದ ದಡದಲ್ಲಿ ಕೆಂಪಯ್ಯ ಕೊಡಲಿಯ ಮೇಲೆ ಕೈಯೂರಿ ನಿಂತಿದ್ದ. ಹುಣಸೆ ಬೇರು ಎರಡು ತುಂಡಾಗಿ ಅವನ ಕಾಲ ಹತ್ತಿರ ಬಿದ್ದಿತ್ತು.

"ಬಾರಪ್ಪ, ನೋಡು ಹೆಂಗೈತೆ. ಈಗ ಕಣ್ಮುಚ್ಕಂಡು ಹೋಗ್‌ಬೋದು."

ಜ್ಞಾನೇಶ ಬೇರಿನ ಒಂದು ತುಂಡನ್ನು ಕೈಗೆತ್ತಿಕೊಂಡ. "ಅವ್ರು ಕಷ್ಟಪಡಾಕೆ ಅಂತ್ಲೇ ಬತ್ತಾವ್ರೆ ಕಣಣ್ಣ. ಎಷ್ಟು ಸಲ ಹೇಳ್ಲಿ ನಿಂಗೆ?"

"ಕಷ್ಟಪಡಾಕೆ ನಮ್ಮೂರಿಗ್ಯಾಕ್ ಬರ್ಬೇಕು? ಅವ್ರೂರಲ್ಲಿಲ್ವಾ?"

ಜ್ಞಾನೇಶ ತಂದಿದ್ದ ಹಾರೆ ಹಿಡಿದ. ಬದುವಿನ ಮೇಲಿದ್ದ ಒಂದು ಬಂಡೆಯನ್ನು ದಾರಿಗೆ ಉರುಳಿಸಿದ. ಹಾರೆಯಿಂದ ಗ್ರಾವೆಲ್ ಮೀಟಿ ಒಂದು ಗುಂಡಿ ತೆಗೆದ, ಇನ್ನೊಂದು ತೆಗೆದ. ತಿರುಗಿ ನೋಡಿದಾಗ ಕೆಂಪಯ್ಯ ಮೊದಲನೆಯ ಗುಂಡಿಯನ್ನು ಕಾಲಲ್ಲಿ ಮುಚ್ಚುತ್ತಿದ್ದ, ಮೈಮೇಲಿನ ಹುಳು ಕೊಡವುವವನಷ್ಟು ಸಹಜವಾಗಿ. "ಬುಡಣ್ಣ ಅದನ್ನ!" ಎಂದು ಜ್ಞಾನೇಶ ಕೂಗಿಬಿಟ್ಟ. ಆ ಮನುಷ್ಯನ ಎದುರು ಅವನು ದನಿಯೆತ್ತಿದ್ದು ಅದೇ ಮೊದಲು. ಕೆಂಪಯ್ಯ ಕೊಡಲಿ ಹೆಗಲಿಗೇರಿಸಿಕೊಂಡು ಹೊರಟುಹೋದ. ಜ್ಞಾನೇಶ ಕತ್ತಲಾಗುವವರೆಗೆ ಅಗೆದ. ಬಿಗಿದ ಗ್ರಾವೆಲ್ಲಿನಲ್ಲಿ ಒಬ್ಬನ ಕೈಯಲ್ಲಿ ಎಷ್ಟಾಗಬಹುದೋ ಅಷ್ಟೇ ಆಯಿತು.

ಭಾನುವಾರ ತಂಡ ಬಂತು. ಒಬ್ಬೊಬ್ಬರ ಸೈಕಲ್ಲೂ ನೋಡುವ ಹಾಗಿತ್ತು. ಹೊರಟವರು ಇನ್ನೂ ಉಪ್ಪಿಟ್ಟಿಗೆ ಒಗ್ಗರಣೆ ಬೀಳುವ ಮೊದಲೇ ಕೆರೆ ಏರಿಯಿಂದ ವಾಪಸ್ ಬಂದರು, ಯಾರ ಬಟ್ಟೆಗೂ ಧೂಳು ಸಹ ಸರಿಯಾಗಿ ಹತ್ತಿರಲಿಲ್ಲ. ಸೂರ್ಯಪ್ರಕಾಶ್ ಒಳ್ಳೆಯ ಮನುಷ್ಯ, ತಿಂಡಿಯನ್ನು ಬಾಯ್ತುಂಬ ಹೊಗಳಿದರು. ಆಮೇಲೆ ಜ್ಞಾನೇಶನನ್ನು ಪಕ್ಕಕ್ಕೆ ಕರೆದು, "ವಿಡಿಯೊದಲ್ಲಿ ಬೇರೆ ಥರ ಇತ್ತಲ್ಲ ಜ್ಞಾನೇಶ್? ಇದು ಊರ ರೋಡ್ ಕಣ್ರೀ" ಎಂದರು. ದಾರಿ ಮೊದಲಿನಂತಾದರೆ ಫೋನ್ ಮಾಡಿ ಎಂದೂ ಹೇಳಿದರು.

ಅವರು ಹೋದ ಮೇಲೆ ಕೆಂಪಯ್ಯ ಹಿಂದಿನ ದಿನದ ಮುನಿಸು ಮರೆತವನಂತೆ ಬಂದು, ಯಾರಾದರೂ ಬಿದ್ದರೇನಪ್ಪ ಎಂದು ವಿಚಾರಿಸಿದ. ಯಾರೂ ಬೀಳಲಿಲ್ಲ ಎಂದ ಜ್ಞಾನೇಶ. ಕೆಂಪಯ್ಯನ ಮುಖ ಅರಳಿತು.

ದಾರಿ ಮೊದಲಿನಂತೆ ಮಾಡೇ ಮಾಡುತ್ತೇನೆಂದು ಜ್ಞಾನೇಶ ಹಟ ಹಿಡಿದ. ಮುಂದಿನ ವಾರ ಪಿಕಾಸಿ, ಹಾರೆ ಹಿಡಿದು ಹೋಗಿ, ಮರಡಿಯ ತಿರುವಿನಲ್ಲಿ ಹೆಣಗಾಡಿ ಒಂದು ಬಂಡೆಯನ್ನು ಅದರ ಹಳೆಯ ಜಾಗಕ್ಕೆ ಕೂರಿಸಿದ. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಗಾಡಿ ಬಂದ ಸದ್ದಾಯಿತು. ಮರಡಿ ಆಚೆಯ ಒಂಟಿ ಮನೆಯ ಸಿದ್ದಕ್ಕ ಟಿವಿಎಸ್ ಮೇಲೆ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದಳು. ಮೊದಲು ತಲೆಯ ಮೇಲೆ ಹೊತ್ತು ಕೆರೆ ಸುತ್ತಿಕೊಂಡು ಬರುವಷ್ಟರಲ್ಲಿ ಎಷ್ಟೋ ದಿನ ಡೇರಿ ಮುಚ್ಚಿರುತ್ತಿತ್ತು, ಈಗ ಗಾಡಿ ಮನೆ ಬಾಗಿಲಿಗೇ ಹೋಗುತ್ತದೆ ಎಂದು ಗಾಡಿ ನಿಲ್ಲಿಸಿ ಹೇಳಿದಳು. ಎಲ್ಲಾ ನಿನ್ನ ನೆಂಟರಿಂದ ಆಯಿತು ಎಂದಳು. ಆಮೇಲೆ ತಿರುವಿನ ಕಡೆ ನೋಡಿ, "ಅದ್ಯಾವನು ತಂದಾಕವ್ನೋ ಕಲ್ಲ. ವಸಿ ಎತ್ತಾಕ್ಬುಡು ಜ್ಞಾನೇಶ, ಕ್ಯಾನು ತಗಲ್ತೈತೆ."

ಜ್ಞಾನೇಶ ಹಾರೆ ಕೊಟ್ಟು ಬಂಡೆಯನ್ನು ಬದುವಿನ ಕಡೆಗೆ ಉರುಳಿಸಿದ. ಸಿದ್ದಕ್ಕ ಹೋದಳು. ಅವನು ಪಿಕಾಸಿಯನ್ನು ಎತ್ತಿ ಬೇಲಿಗೆ ಎಸೆದ, ಎಸೆದ ಮೇಲೆ ಮುಳ್ಳಿನೊಳಗೆ ಕೈಹಾಕಿ ತಾನೇ ತೆಗೆದುಕೊಳ್ಳಬೇಕಾಯಿತು.

ಸೂರ್ಯಪ್ರಕಾಶ್‌ಗೆ ಅವನು ಫೋನ್ ಮಾಡಿಲ್ಲ. ಈಗ ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿ ಮರಡಿಯ ಆಚೆಗೂ ದಾಟಿ, ಯಾರ ತೋಟವೂ ಇಲ್ಲದ ಕಲ್ಲು ಬಯಲಿಗೆ ಹೋಗುತ್ತಾನೆ. ಎಲ್ಲಿಗೆ ಎಂದು ಸುವರ್ಣಮ್ಮ ಕೇಳಿದರೆ ಯಾರದೋ ಬೋರ್‌ವೆಲ್ ಮೋಟಾರು ನೋಡಲು ಎನ್ನುತ್ತಾನೆ.