ತಾಂಜಾನಿಯಾದಲ್ಲಿ ನನ್ನ ‘ದಾದ’

ಕೊರೋನಾ ಅಡಗಿದ ಮರುವರ್ಷ. ನಾನು ಕಾಪುವಿನ ಬಳಿಯ ಸಣ್ಣದೊಂದು ಚರ್ಚಿನಲ್ಲಿ ಸಭಾಪಾಲಕನಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಮೂವತ್ತು ವರ್ಷ ಚರ್ಚಿನ ಗಂಟೆಯ ಕೆಳಗೆ ನಿಂತ ಫಲವೋ ಏನೋ, ಎಡಗಿವಿ ಮಂದವಾಗಿತ್ತು. ಇಂಥವನನ್ನು ತಾಂಜಾನಿಯಾದ ಹಳ್ಳಿಯೊಂದರಲ್ಲಿ ಕ್ರೈಸ್ತ ಸಭೆ ಸ್ಥಾಪಿಸುವ ಆರು ವಾರಗಳ ಮಿಷನ್ ಕೆಲಸಕ್ಕೆ ಕಳುಹಿಸುವ ತೀರ್ಮಾನವಾಯಿತು. ಮಣಿಪಾಲದಲ್ಲಿರುವ ಮಗಳು, “ಪಪ್ಪಾ, ಒಂದು ಹಿಯರಿಂಗ್ ಏಡ್ ಹಾಕಿಸಿಕೊಂಡು ಹೋಗಿ” ಎಂದಳು. ಬಂದ ಮೇಲೆ ನೋಡೋಣ ಎಂದೆ. ಈ ಕಥೆಗೆ ಆ ಉದಾಸೀನವೇ ಕಾರಣ.

ಸಭೆ ಸ್ಥಾಪಿಸುವುದೆಂದರೆ ಕಟ್ಟಡ ಕಟ್ಟುವುದೆಂದು ಹಲವರ ಎಣಿಕೆ. ಕಟ್ಟಡ ಸುಲಭ. ಜನ ತಾವಾಗಿ ಕೂಡಬೇಕು, ತಮ್ಮೊಳಗಿಂದಲೇ ‘ಸಭಾ ಹಿರಿಯ’ರನ್ನು ಆರಿಸಿಕೊಳ್ಳಬೇಕು, ನಾವು ಹೊರಟ ಮೇಲೂ ಭಾನುವಾರದ ಆರಾಧನೆ ನಡೆಯಬೇಕು. ಆ ಹಳ್ಳಿಗೆ ನಮಗಿಂತ ಮುಂಚೆ ಎರಡು ತಂಡಗಳು ಬಂದು, ತಗಡಿನ ಸೂರು ಹಾಕಿ, ಮೈಕಿನಲ್ಲಿ ಭಾಷಣ ಮಾಡಿ ಹೋಗಿದ್ದವು. ಒಳಗೆ ಕೂರುತ್ತಿದ್ದವರು ಹನ್ನೊಂದು ಗಂಡಸರು. ಹೆಂಗಸರು ಕೊಡ ಹೊತ್ತು ಹೋಗುವಾಗ ಮಾವಿನ ಮರದಡಿ ಒಂದಿಷ್ಟು ನಿಂತು, ಇಣುಕಿ ನೋಡಿ ಮುಂದೆ ಹೋಗುತ್ತಿದ್ದರು. ಆ ಭಾಗದ ಸಭೆಗಳನ್ನೆಲ್ಲ ನೋಡಿಕೊಳ್ಳುವ ಹಿರಿಯ ಪಾದ್ರಿಯೊಬ್ಬರು ಮೊದಲ ದಿನವೇ ಹೇಳಿಬಿಟ್ಟರು: “ಆರನೆಯ ಭಾನುವಾರ ಬರುತ್ತೇನೆ. ಮನೆಮಂದಿಯೆಲ್ಲ ಕೂಡುವ ಸಭೆ ಕಂಡರೆ ಖಾಯಂ ಪಾಸ್ಟರರನ್ನು ಕೊಡುತ್ತೇನೆ. ಇಲ್ಲದಿದ್ದರೆ ಬಾಗಿಲು ಮುಚ್ಚುತ್ತೇವೆ.”

ನನ್ನ ಜೊತೆಗಾರ ಜಯಕರ, ಕಾರ್ಕಳದ ಮರಗೆಲಸದವರು. ಬೆಂಚು ಮಾಡುವುದು ಅವರ ಪಾಲು, ಭಾನುವಾರದ ಪ್ರಸಂಗ ಮಾಡಿ ಬೋಧಿಸುವುದು ನನ್ನ ಪಾಲು. ದುಭಾಷಿಯಾಗಿ ಇಂಗ್ಲಿಷ್ ಬಲ್ಲ ಊರಿನ ಶಾಲಾ ಮಾಸ್ತರ ಇಮ್ಯಾನುವೆಲ್ ಇದ್ದ. ಶಾಲೆಯ ಹೊತ್ತಿನಲ್ಲಿ ನಮಗೆ ಅವನೂ ಇಲ್ಲ. ನಾವಿಬ್ಬರೂ ನಮ್ಮೊಳಗೆ ತುಳುವಿನಲ್ಲೇ ಮಾತಾಡುತ್ತಿದ್ದೆವು. ಒಂದು ದಿನ ಮೀನಿನ ಸಾರಿಗೆ ಹುಳಿ ಬೇಕೆಂದು ಜಯಕರ ಪಕ್ಕದ ಮನೆಗೆ ಹೋಗಿ, ಕೈಸನ್ನೆಯ ಜೊತೆಗೆ “ಕುಕ್ಕು, ಕುಕ್ಕು” ಎಂದರಂತೆ. ತುಳುವಿನಲ್ಲಿ ಕುಕ್ಕು ಎಂದರೆ ಮಾವು. ಅವರು ರೆಕ್ಕೆ ಬಡಿಯುವ ಕೋಳಿಯನ್ನು ತಂದು ಕೈಗಿತ್ತರು. ಸ್ವಾಹಿಲಿಯಲ್ಲಿ ಕುಕು ಎಂದರೆ ಕೋಳಿ! ನಾನು ಹೊಟ್ಟೆ ಹಿಡಿದು ನಕ್ಕೆ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಕಂಡಿತು ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಸ್ಥಿತಿ.

ನೀರಿನ ದಾರಿಯಲ್ಲಿ ನನಗೆ ದಿನವೂ ನೀಮಾ ಎಂಬಾಕೆ ಸಿಗುತ್ತಿದ್ದಳು. ಸಂತೆಯಲ್ಲಿ ಜೋಳ ಮಾರುವ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅವಳು ಏನೋ ಹೇಳುವಳು, ನಾನು ಒಳ್ಳೆಯ ಕಿವಿಯನ್ನು ಅತ್ತ ವಾಲಿಸಿ “ದಾದ?” ಎನ್ನುವೆ. ನಮ್ಮ ಕಡೆ ಕನ್ನಡದಲ್ಲಿ ‘ಎಂತ’ ಎನ್ನುವುದಕ್ಕೆ ತುಳುವಿನಲ್ಲಿ ದಾದ. ಅವಳು ಕೊಡ ಇಳಿಸಿ ಇನ್ನಷ್ಟು ಹೇಳುವಳು. ಭಾಷೆ ಬಾರದಿದ್ದರೂ ನಡುವೆ ಬಿಟ್ಟು ಹೋಗುವುದು ಮರ್ಯಾದೆಯಲ್ಲವೆಂದು ಮುಗಿಯುವವರೆಗೆ ನಿಲ್ಲುತ್ತಿದ್ದೆ. ಜಯಕರ ಏಣಿಯ ಮೇಲಿಂದ ಏನಾದರೂ ಕೇಳಿದರೂ ನನ್ನದು ಅದೇ “ದಾದ?” ಆಗೆಲ್ಲ ದಾರಿಯಲ್ಲಿ ಹೋಗುವ ಇಬ್ಬರು ಮೂವರು ಹೆಂಗಸರು ತಿರುಗಿ ನಿಲ್ಲುತ್ತಿದ್ದರು.

ಮೂರನೆಯ ಭಾನುವಾರ ನೀಮಾ ಒಳಗೆ ಬಂದು ಬೆಂಚಿನಲ್ಲಿ ಕುಳಿತಳು. ಹಿಂದೆಯೇ ಹದಿನಾರು ಹೆಂಗಸರು. ನನ್ನ ಸಂತೋಷ ಹೇಳತೀರದು. ಆದರೆ ಪ್ರಸಂಗದ ನಡುವೆ ಒಬ್ಬೊಬ್ಬರಾಗಿ ಎದ್ದು ಹೋದರು. ನಾಲ್ಕನೆಯ ವಾರವೂ ಹಾಗೆಯೇ, ಐದನೆಯದೂ ಹಾಗೆಯೇ. ಇಮ್ಯಾನುವೆಲನನ್ನು ಕೇಳಿದೆ.

“ಯಾಕೆ ಹೋಗುತ್ತಾರೋ ಗೊತ್ತಿಲ್ಲ. ಯಾಕೆ ಬಂದರೆಂದು ಗೊತ್ತು. ನೀವು ಅವರನ್ನು ಬಾಯ್ತುಂಬ ‘ದಾದ’ ಎಂದು ಕರೆಯುತ್ತೀರಲ್ಲ. ಸ್ವಾಹಿಲಿಯಲ್ಲಿ ದಾದ ಎಂದರೆ ಅಕ್ಕ.”

ನೀಮಾಳ ಮುಂದೆ ಎಷ್ಟು ಸಲ ದಾದ ಎಂದಿದ್ದೆನೆಂದು ನಾನು ಲೆಕ್ಕ ಹಾಕತೊಡಗಿದೆ. ಜಯಕರ ಮಾತ್ರ ನಕ್ಕೂ ನಕ್ಕೂ ಸುಸ್ತಾದರು. “ಸುಮ್ಮನೆ ಇರಿ ಅಯ್ಯನವರೇ. ಒಳ್ಳೆಯದೇ ಆದದ್ದಲ್ವಾ? ಈಗ ಬಾಯಿ ಬಿಟ್ಟರೆ ಬಣ್ಣಗೇಡು.”

“ಸುಳ್ಳಿನ ಮೇಲೆ ಸಭೆ ಕಟ್ಟುವುದಾ ಮಾರಾಯ್ರೆ?”

“ಸುಳ್ಳು ಎಂತ ಉಂಟು ಅದರಲ್ಲಿ? ನೀವು ಕೇಳಿದ್ದು ನಿಜ, ಅವರು ತಿಳಿದದ್ದೂ ನಿಜ.”

ಮಾತು ಸರಿಯೇ ಇತ್ತು, ಮನಸ್ಸು ಒಪ್ಪಲಿಲ್ಲ. ಆರನೆಯ ಭಾನುವಾರ ಹಿರಿಯ ಪಾದ್ರಿ ಮುಂದಿನ ಬೆಂಚಿನಲ್ಲಿ ಕುಳಿತಿದ್ದರು. ನಾನು ಪ್ರಸಂಗದ ಕಾಗದ ಮಡಚಿಟ್ಟು, ಇಮ್ಯಾನುವೆಲನ ಮೂಲಕ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ಯಾರನ್ನೂ ಅಕ್ಕ ಎಂದು ಕರೆದಿರಲಿಲ್ಲ; ಕಿವಿ ಕೇಳಿಸದೆ, ಭಾಷೆ ತಿಳಿಯದೆ ‘ಏನು, ಏನು’ ಎನ್ನುತ್ತಿದ್ದೆ; ಕ್ಷಮಿಸಿ ಎಂದೆ. ಮುಗಿಯಿತು ಕಥೆ ಎಂದುಕೊಂಡೆ.

ನೀಮಾ ಎದ್ದು ನಿಂತಳು. “ಅಕ್ಕಂದಿರೇ ಎಂದು ಕರೆದವರು ಮುಂಚೆಯೂ ಬಂದಿದ್ದರು. ಮೈಕಿನಲ್ಲಿ ಕರೆದರು, ಹೋದರು. ಏನು ಎಂದು ಕೇಳಿ ಬಿಸಿಲಲ್ಲಿ ನಿಂತವರು ನೀವೊಬ್ಬರೇ.” ಆಮೇಲೆ ಸೊಂಟಕ್ಕೆ ಕೈಯಿಟ್ಟು ಕೇಳಿದಳು: “ಹಾಗಾದರೆ ನಾನು ಆರು ವಾರ ಹೇಳಿದ್ದು ನಿಮಗೆ ಒಂದೂ ತಿಳಿಯಲಿಲ್ಲವೇ?”

“ಒಂದೂ ಇಲ್ಲ.”

“ಕುಳಿತುಕೊಳ್ಳಿ. ಇಮ್ಯಾನುವೆಲ್ ಇದ್ದಾನೆ, ಮತ್ತೆ ಹೇಳುತ್ತೇನೆ.”

ಪಾದ್ರಿಯಾದ ಮೇಲೆ ಮೊದಲ ಬಾರಿಗೆ ಪ್ರಸಂಗದ ಹೊತ್ತಿನಲ್ಲಿ ನಾನು ಕುಳಿತೆ. ಅವಳು ದಿನವೂ ಹೇಳುತ್ತಿದ್ದದ್ದು ಒಂದೇ ಮಾತು. ಆರಾಧನೆ ಎಂಟು ಗಂಟೆಗೆ; ನಲ್ಲಿಯಲ್ಲಿ ನೀರು ಬರುವುದು ಎಂಟೂವರೆಗೆ. ನೀರು ಬಿಟ್ಟು ಕುಳಿತರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. “ಹತ್ತಕ್ಕೆ ಇಡಿ. ಗಂಡಸರಿಗೆ ಇದು ಹೊಳೆಯುವುದಿಲ್ಲ, ಅವರು ನೀರು ಹೊರುವುದಿಲ್ಲ.”

ಹೆಂಗಸರು ಒಬ್ಬರಿಗೊಬ್ಬರು “ದಾದ? ದಾದ?” ಎನ್ನುತ್ತ ನಗತೊಡಗಿದರು. ಹಿರಿಯ ಪಾದ್ರಿ ಕಣ್ಣೊರೆಸಿಕೊಂಡು ನಗುತ್ತಲೇ ಎದ್ದು, ಮುಂದಿನ ವಾರದಿಂದ ಹತ್ತು ಗಂಟೆ ಎಂದು ಸಾರಿದರು. ಖಾಯಂ ಪಾಸ್ಟರ್ ಬರುವುದೂ ನಿಶ್ಚಯವಾಯಿತು. ಮೊದಲ ಸಭಾ ಹಿರಿಯಳಾಗಿ ಎಲ್ಲರೂ ಕೈಯೆತ್ತಿದ್ದು ನೀಮಾಳಿಗೆ.

ಈಗ ನಾನು ಉದ್ಯಾವರದಲ್ಲಿ ನಿವೃತ್ತ. ಹೊರದೇಶಕ್ಕೆ ಸೇವೆಗೆ ಹೊರಡುವ ತರುಣರು ಸಲಹೆ ಕೇಳಿಕೊಂಡು ಬರುತ್ತಾರೆ. ಏನು ಬೋಧಿಸಬೇಕೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳುವುದಿಷ್ಟೇ: ಹೋದ ಕಡೆ ಮೊದಲು ‘ಏನು’ ಎಂದು ಕೇಳಿ, ಉತ್ತರ ತಿಳಿಯುವವರೆಗೆ ನಿಲ್ಲಿ, ಜೊತೆಗೊಬ್ಬ ದುಭಾಷಿ ಇರಲಿ.

ಭಾನುವಾರ ನಮ್ಮಲ್ಲಿ ಹನ್ನೆರಡೂವರೆಯಾದರೆ ಅಲ್ಲಿ ಹತ್ತು. ನೀಮಾ ನೀರು ತುಂಬಿಟ್ಟು ಬಂದು ಬೆಂಚಿನಲ್ಲಿ ಕುಳಿತಿರುತ್ತಾಳೆ. ಅದೇ ಹೊತ್ತಿಗೆ ನನ್ನವಳು ಅಡುಗೆಮನೆಯಿಂದ ಊಟಕ್ಕೆ ಕರೆಯುತ್ತಾಳೆ. ಮಗಳು ಕೊಡಿಸಿದ ಹಿಯರಿಂಗ್ ಏಡ್ ಕಿವಿಯಲ್ಲೇ ಇದೆ, ಕರೆ ಚೆನ್ನಾಗಿ ಕೇಳಿಸಿರುತ್ತದೆ. ಆದರೂ “ದಾದ?” ಎನ್ನುತ್ತೇನೆ.