ಕಿವಿಯಲ್ಲಿ ಹೇಳುವ ಹೆಸರು

ಭಾನುಮತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ. ಹ್ಯೂಸ್ಟನ್ ಸುತ್ತಮುತ್ತ ಕನ್ನಡದವರ ಮನೆಯಲ್ಲಿ ಮಗು ಹುಟ್ಟಿದರೆ ಮೊದಲ ಫೋನು ಕ್ಲಿಯರ್ ಲೇಕಿನ ಅವಳ ಮನೆಗೆ ಹೋಗುತ್ತದೆ. ನಕ್ಷತ್ರ ಕೇಳಿ, ನಿಘಂಟು ತೆರೆದು, ಅರ್ಥಸಮೇತ ಹೆಸರು ಕೊಡುತ್ತಾಳೆ. ನಾಮಕರಣದ ದಿನ ಆ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳುವ ಹಕ್ಕು ಸೋದರತ್ತೆಯದು, ಅಂದರೆ ಅಪ್ಪನ ಅಕ್ಕತಂಗಿಯರದು. ಅಷ್ಟಕ್ಕಾಗಿ ಬೆಂಗಳೂರಿನಿಂದ ಯಾರು ವಿಮಾನ ಹತ್ತುತ್ತಾರೆ? ಇಪ್ಪತ್ತು ವರ್ಷದಿಂದ ಆ ಜಾಗದಲ್ಲಿ ಭಾನುಮತಿಯೇ ಕೂರುತ್ತಿದ್ದಾಳೆ.

ಆರು ವರ್ಷದ ಹಿಂದೆ ದ ವುಡ್‌ಲ್ಯಾಂಡ್ಸ್‌ನ ನಮ್ಮ ಮನೆಗೂ ಬಂದು ಕೂತಳು. ನನ್ನ ಮೊಮ್ಮಗ ಅವಳ ಬಾಯಿಂದ ಕೌಸ್ತುಭ್ ಆದ. ನನ್ನ ಮನಸ್ಸಿನಲ್ಲೂ ಒಂದು ಹೆಸರಿತ್ತು. ಮಗನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಕಳೆದ ವರ್ಷ ಡಲ್ಲಾಸಿನಲ್ಲಿರುವ ಅವಳ ಮಗಳು ಅನಘಾಗೆ ಗಂಡುಮಗು ಆಯಿತು. ಅಳಿಯ ಗ್ರೀಕರವನು. ಅವರಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವ ಪದ್ಧತಿ. ತೀರಿಕೊಂಡ ಆ ತಾತ ಯೋರ್ಗೋಸ್, ಇಲ್ಲಿಯವರ ಬಾಯಲ್ಲಿ ಜಾರ್ಜ್. ಭಾನುಮತಿ ಆರಿಸಿದ್ದು ಸಿದ್ಧಾರ್ಥ್. ಬೀಗಿತ್ತಿ ಎಲೆನಿ ಫೋನಿನಲ್ಲಿ ತಮ್ಮ ಹೆಸರಿನ ಅರ್ಥ ಬಿಡಿಸಿ ಹೇಳಿದ್ದರಂತೆ: ಗೇ ಎಂದರೆ ಭೂಮಿ, ಎರ್ಗೋನ್ ಎಂದರೆ ಕೆಲಸ, ಎರಡೂ ಸೇರಿದರೆ ಮಣ್ಣಿನಲ್ಲಿ ದುಡಿಯುವವನು.

ನಾಮಕರಣಕ್ಕೆ ಭಾನುಮತಿ ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೊರಟಿದ್ದಳು. "ಮಣ್ಣು ಕೆಲಸದವನಂತೆ ಕಣ್ರೀ," ಎಂದಳು. "ಅದೂ ಒಂದು ಹೆಸರಾ, ಚಂದ್ರಮ್ಮ?"

ನಾನು ಕಿಟಕಿಯ ಕಡೆ ತಿರುಗಿದೆ.

ಅನಘಾ ಆಗಲೇ ರಾಜಿ ಮಾಡಿಸಿದ್ದಳು. ಅಕ್ಕಿಯ ತಟ್ಟೆಯಲ್ಲಿ ಎರಡೂ ಹೆಸರು ಬರೆಯುವುದು, ಕಿವಿಯಲ್ಲಿ ಹೇಳಿದ್ದನ್ನೇ ಕರೆಯುವುದು. ಭಾನುಮತಿ ಹಿಗ್ಗಿ ಒಪ್ಪಿಕೊಂಡಿದ್ದಳು, ಒಂದೇ ಷರತ್ತಿನ ಮೇಲೆ. "ಎಲ್ಲಾ ಶಾಸ್ತ್ರದ ಪ್ರಕಾರಾನೇ ಆಗ್ಬೇಕು, ಒಂದೂ ಬಿಡೋ ಹಾಗಿಲ್ಲ."

ಅಂದು ತೊಟ್ಟಿಲ ಪಕ್ಕ ಸೆರಗು ಸರಿಮಾಡಿಕೊಂಡು ಕೂತಳು. ಪುರೋಹಿತರು, "ಸೋದರತ್ತೆ ಬನ್ನಿ," ಎಂದರು.

"ಅವರ ಬದಲು ನಾನೇ ಹೇಳ್ತೀನಿ," ಎಂದಳು ಅವಳು, ಎಂದಿನಂತೆ.

"ಬದಲು ಯಾಕಮ್ಮ, ಅವರೇ ಇದಾರಲ್ಲ."

ಅಳಿಯನ ತಂಗಿ ಮಾರಿಯಾ, ಅನಘಾ ಉಡಿಸಿದ್ದ ರೇಷ್ಮೆ ಸೀರೆಯಲ್ಲಿ ಎಡವುತ್ತಾ ಬಂದಳು. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಹಾಗಾಯಿತು. ಭಾನುಮತಿ ಎದ್ದು ಜಾಗ ಬಿಟ್ಟಳು. ಮಾರಿಯಾ ಬಗ್ಗಿ ಮೂರು ಸಲ, ನಮಗೆಲ್ಲ ಕೇಳುವಂತೆ, ತನ್ನ ಅಪ್ಪನ ಹೆಸರನ್ನು ಹೇಳಿದಳು.

ನನಗೆ ನಗು ಬರಬೇಕಿತ್ತು. ಅವಳ ಸೊಕ್ಕು ಮುರಿಯುವುದನ್ನು ನೋಡಲು ಐದು ವರ್ಷ ಕಾದಿದ್ದೆ. ಆದರೆ ನನ್ನ ಕಣ್ಣು ಎಲೆನಿಯ ಕಡೆಗೇ ಹೋಯಿತು. ಗಂಡನ ಹೆಸರು ಮತ್ತೆ ತೊಟ್ಟಿಲಿಗೆ ಬಂದಿತ್ತು, ಆಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ಭಾನುಮತಿಯ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಆ ಹೆಂಗಸಿನ ಕಡೆ ತಿರುಗಿತು. ಆಕೆ ಬಾಯಿಬಿಟ್ಟು ಕೇಳಿ ಪಡೆದಿದ್ದರು. ನಾನು ಕೇಳಿಯೂ ಇರಲಿಲ್ಲ.

ವಾಪಸು ಬರುವಾಗಲೂ ಭಾನುಮತಿಯೇ ಡ್ರೈವ್ ಮಾಡಿದಳು. ಅರ್ಧ ದಾರಿಯಲ್ಲಿ ರಸ್ತೆಯನ್ನೇ ನೋಡುತ್ತಾ ಕೇಳಿದಳು.

"ಚಂದ್ರಮ್ಮ, ನಿಮ್ಮ ಮೊಮ್ಮಗಂಗೆ ನೀವು ಏನು ಹೆಸರು ಅಂದ್ಕೊಂಡಿದ್ರಿ?"

"ಗೋವಿಂದರಾಜು. ನಮ್ಮಪ್ಪಂದು," ಎಂದೆ. "ಲಾಲ್‌ಬಾಗಲ್ಲಿ ಮಾಲಿ ಆಗಿದ್ರು. ಮಣ್ಣು ಕೆಲಸ."