ಮುದ್ದೆ ರಾಕ್ಷಸ

ಕಥೆ ಹೇಳಿ ಮಕ್ಕಳಿಗೆ ಒಳ್ಳೆಯ ಊಟ ಕಲಿಸುವುದು ಹೇಗೆ ಎಂದು ನಮ್ಮಂಥ ಪ್ರಾಥಮಿಕ ಶಾಲೆ ಮೇಷ್ಟ್ರುಗಳಿಗೆ ಬೇಲೂರಿನಲ್ಲಿ ಒಂದು ದಿನದ ತರಬೇತಿ. ಕಲಿಸಲು ಬಂದವನು ಯಾವತ್ತೂ ಮಕ್ಕಳ ಪಂಕ್ತಿಯಲ್ಲಿ ಕೂತು ಉಂಡವನಲ್ಲ ಎಂಬುದು ಮೊದಲ ಮಾತಿಗೇ ತಿಳಿಯಿತು. ಚಿಪ್ಸ್ ವಿಷ ಎಂದು ಎರಡು ಗಂಟೆ ಕೊರೆದು, ಟೀ ಹೊತ್ತಿಗೆ ನಮಗೆಲ್ಲ ಒಂದೊಂದು ಪೊಟ್ಟಣ ಚಿಪ್ಸ್ ಹಂಚಿಸಿದ. ನಾವೂ ಮಾನಗೆಟ್ಟು ತಿಂದೆವು.

ಹೊರಡುವಾಗ ಕೈಗೊಂದು ಬಣ್ಣದ ಪುಸ್ತಕ. ಅದರಲ್ಲಿ ಬ್ರೊಕೊಲಿ ರಾಜಕುಮಾರ. ಅವನ ವೈರಿ, ಕೆಟ್ಟ ತಿಂಡಿಗಳ ರಾಕ್ಷಸ. ಹಳೇಬೀಡಿನ ಸಂತೆ ಮೂರು ಸುತ್ತು ಹಾಕಿದರೂ ಆ ರಾಜಕುಮಾರ ಸಿಗುವುದಿಲ್ಲ. ಹೂಕೋಸಿಗೆ ಪಾಚಿ ಹಿಡಿದಿದೆ ಅಂದುಕೊಂಡರು ನಮ್ಮ ಮಕ್ಕಳು. ಅದು ಹಾಳಾಗಲಿ. ಚಿತ್ರ ಬರೆದ ಪುಣ್ಯಾತ್ಮ ರಾಕ್ಷಸನನ್ನು ಗುಂಡಗೆ, ಕಂದುಬಣ್ಣದಲ್ಲಿ, ತಲೆಯಿಂದ ಹೊಗೆಯಾಡುವಂತೆ ಬರೆದಿದ್ದ. ಅಪ್ಪಟ ರಾಗಿಮುದ್ದೆ! ರಾಗಿ ಹೊಲದ ಬದುವಿನಲ್ಲೇ ಬೆಳೆದ ನನಗೆ ಅದು ಕಾಣಲಿಲ್ಲವಲ್ಲ, ಬೆಂಕಿ ಬೀಳಲಿ ನನ್ನ ಬುದ್ಧಿಗೆ. “ಇವನು ಹೊಟ್ಟೆಗಿಳಿದರೆ ಒಳಗಿಂದಲೇ ಕಚ್ಚುತ್ತಾನೆ” ಎಂದು ಕ್ಲಾಸಿಗೆ ರಾಗ ಎಳೆದು ಓದಿದೆ.

ನಾಲ್ಕನೇ ದಿನ ಪ್ರಾರ್ಥನೆ ಹೊತ್ತಿನಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ತಲೆಸುತ್ತಿ ಕೂತಳು. ಮನೆಗೆ ಕಳಿಸಿದೆ. ಗಳಿಗೆಯಲ್ಲೇ ಅವಳ ಅಜ್ಜಿ, ಒಂದು ಕೈಯಲ್ಲಿ ಮೊಮ್ಮಗಳು, ಇನ್ನೊಂದರಲ್ಲಿ ಬಿಸಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತರು.

“ಏನ್ ಮೇಷ್ಟ್ರೇ, ಮುದ್ದೆ ರಾಕ್ಷಸ ಅಂದ್ರಂತಲ್ಲ! ಮೂರ್ ದಿನದಿಂದ ಮನೇಲಿ ತಟ್ಟೆ ಮುಟ್ಟಿಲ್ಲ ಮಗ. ನೀವೇನ್ ಉಂಡು ಬೆಳೆದ್ರಿ?”

ನಾನು ಪುಸ್ತಕ ಚಾಚಿದೆ. ಅಜ್ಜಿ ಮೊಮ್ಮಗಳ ಕೈ ಬಿಟ್ಟು ಅದನ್ನು ತೆಗೆದುಕೊಂಡು ರಾಕ್ಷಸನನ್ನು ದಿಟ್ಟಿಸಿದರು.

“ಮುದ್ದೆನೇ ಕಣ್ರೀ ಇದು. ಚೆನ್ನಾಗಿ ಬೆಂದೈತೆ.”

ಕ್ಲಾಸೆಲ್ಲ ನಕ್ಕಿತು. ಹುಡುಗಿ ನಗಲಿಲ್ಲ. “ಕಚ್ತಾನೆ ಅಜ್ಜಿ” ಎಂದಳು.

ಅಜ್ಜಿ ನೆಲಕ್ಕೆ ಕೂತು ಪಾತ್ರೆ ಮುಚ್ಚಳ ತೆಗೆದರು. “ಅದಕ್ಕೇ ಕಣೇ ಮುದ್ದೆನ ಅಗೀಬಾರ್ದು ಅನ್ನೋದು. ಹಲ್ಲು ತಾಕಿದ್ರೆ ಎದ್ಬಿಡ್ತಾನೆ. ಸೊಪ್ಪಿನ ಸಾರಲ್ಲಿ ಮುಳುಗ್ಸು, ಕಣ್ಣು ಕಿವಿ ಮುಚ್ಕೊತಾವೆ. ಆಮೇಲೆ ಗುಳುಂ. ನಿಮ್ ತಾತ ದಿನಕ್ಕೆ ನಾಕು ನುಂಗೋರು.”

ಹುಡುಗಿ ಒಂದು ತುತ್ತು ಮುರಿದು, ಸಾರಿನಲ್ಲಿ ಚೆನ್ನಾಗಿ ಮುಳುಗಿಸಿ, ಕಣ್ಣುಮುಚ್ಚಿ ನುಂಗಿದಳು. ಹೊಟ್ಟೆ ಮೇಲೆ ಕೈಯಿಟ್ಟು ಕಾದಳು. ಕ್ಲಾಸೂ ಕಾಯಿತು.

“ಸತ್ತೋದ” ಎಂದಳು. “ಇನ್ನೊಬ್ಬನ್ನ ಕೊಡು.”

ಪಾತ್ರೆ ಖಾಲಿಯಾಯಿತು. ಎತ್ತಿದಾಗ ಕಂಡೆ: ತೊಡೆಗೆ ಬಿಸಿ ತಾಗದಿರಲೆಂದು ಅಜ್ಜಿ ಅದರಡಿಗೆ ಇಟ್ಟುಕೊಂಡಿದ್ದು ಆ ಪುಸ್ತಕವನ್ನೇ. ರಟ್ಟಿನ ಮೇಲಿನ ರಾಜಕುಮಾರನ ಮುಖಕ್ಕೆ ದುಂಡನೆ ಮಸಿ. ಆ ಪುಸ್ತಕ ಒಂದು ಮಗುವಿನ ಊಟಕ್ಕೆ ಒದಗಿದ್ದು ಅಷ್ಟೇ.